ಹೆತ್ತವರ ಮೈಯೇ ಕ್ರೋಮೈಡ್ ಮರಿಗಳ ಮೊದಲ ಊಟ

ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರು, ಅಳಿವೆ, ಕೆರೆಗಳಲ್ಲಿ ಬದುಕುವ ಆರೆಂಜ್ ಕ್ರೋಮೈಡ್ ಮೀನನ್ನು ಅಕ್ವೇರಿಯಂನಲ್ಲಿ ಮರಿ ಮಾಡಿಸಲು ಹೊರಟವರಲ್ಲಿ ಅನೇಕರು, ಮೊಟ್ಟೆ ಕಂಡ ಕೂಡಲೇ ಅದನ್ನು ಬೇರೆ ತೊಟ್ಟಿಗೆ ಸಾಗಿಸಿಬಿಡುತ್ತಾರೆ. ಬಾರ್ಬ್ ಎಂಬ ಗುಂಪಿನ ಮೀನುಗಳ ಮಟ್ಟಿಗೆ ಇದು ಸರಿಯಾದ ಕ್ರಮವೇ. ಪಶ್ಚಿಮ ಘಟ್ಟದ ಹೊಳೆಗಳಲ್ಲಿರುವ ಫಿಲಮೆಂಟ್ ಬಾರ್ಬ್ ಗಿಡಗಳ ನಡುವೆ ಮೊಟ್ಟೆ ಚೆಲ್ಲಿ, ಅವಕಾಶ ಸಿಕ್ಕರೆ ತಾನೇ ಅವನ್ನು ತಿಂದು ಮುಗಿಸುತ್ತದೆ. ಕ್ರೋಮೈಡ್‌ಗೂ ಅದೇ ಕ್ರಮವನ್ನು ಅನ್ವಯಿಸುವುದು ಮಾತ್ರ, ನನ್ನ ದೃಷ್ಟಿಯಲ್ಲಿ, ಆ ಮೀನಿನ ಸ್ವಭಾವಕ್ಕೇ ವಿರುದ್ಧವಾದುದು.

ಇದು ಸಿಕ್ಲಿಡ್ ಕುಟುಂಬಕ್ಕೆ ಸೇರಿದ ಮೀನು. ಭಾರತದ ಮೂಲ ಸಿಕ್ಲಿಡ್‌ಗಳು ಮೂರೇ; ಉಳಿದೆರಡು ಪರ್ಲ್‌ಸ್ಪಾಟ್ ಮತ್ತು ನಮ್ಮ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳ ಕೆನರಾ ಪರ್ಲ್‌ಸ್ಪಾಟ್. ಕ್ರೋಮೈಡ್‌ನ ಜೋಡಿಯನ್ನು ನಾವು ಆರಿಸಿ ಕೂಡಿಸುವುದಕ್ಕಿಂತ, ಎಳೆಯ ಮೀನುಗಳ ಒಂದು ಗುಂಪನ್ನೇ ಸಾಕಿ ಅವು ತಾವಾಗಿ ಜೊತೆಯಾಗಲು ಬಿಡುವುದು ಲೇಸು. ಚಪ್ಪಟೆ ಕಲ್ಲು, ಮೆತ್ತನೆಯ ಮರಳು, ಸ್ಪಂಜ್ ಫಿಲ್ಟರ್ ಇದ್ದರೆ ಸಾಕು. ಸಿಹಿನೀರಿನಲ್ಲೂ ಬಾಳುವ ಈ ಮೀನಿಗೆ ತುಸು ಉಪ್ಪುನೀರು ಇನ್ನೂ ಹೆಚ್ಚು ಒಗ್ಗುತ್ತದೆ.

ಸಣ್ಣ ತೊಟ್ಟಿನಿಂದ ಕಲ್ಲಿಗೆ ಅಂಟಿಕೊಂಡ ಮೊಟ್ಟೆಗಳಿಗೆ ಗಂಡು ಹೆಣ್ಣು ಎರಡೂ ರೆಕ್ಕೆಯಿಂದ ನೀರು ಬೀಸುತ್ತವೆ, ಬೂಷ್ಟು ಹಿಡಿದವನ್ನು ಆರಿಸಿ ತೆಗೆಯುತ್ತವೆ. ಮೊಟ್ಟೆಯೊಡೆದು ಹೊರಬಂದ, ಇನ್ನೂ ಈಜಲಾರದ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಮರಳಿನ ಗುಳಿಗಳಲ್ಲಿ ಇಡುತ್ತವೆ. ನಿಜವಾದ ಸೋಜಿಗ ಇರುವುದು ಅನಂತರ: ಈಜತೊಡಗಿದ ಮರಿಗಳು ಹೆತ್ತವರ ಪಕ್ಕೆಗೆ ಮತ್ತೆ ಮತ್ತೆ ಬಂದು ತಾಗಿ, ಅಲ್ಲಿ ಸ್ರವಿಸುವ ಲೋಳೆಯನ್ನು ಮೆಲ್ಲುತ್ತವೆ. ಡಿಸ್ಕಸ್ ಮೀನಿನ ಇದೇ ಗುಣವನ್ನು ಬಾಯ್ತುಂಬ ಹೊಗಳುವ ಹವ್ಯಾಸಿಗಳು ಮನೆಯಂಗಳದ ಈ ಮೀನನ್ನು ಮರೆಯುವುದು ನನಗೆ ವಿಚಿತ್ರವೆನಿಸುತ್ತದೆ.

ಲೋಳೆಯೊಂದರಿಂದಲೇ ಮರಿಗಳ ಹೊಟ್ಟೆ ತುಂಬುವುದಿಲ್ಲವಾದ್ದರಿಂದ, ಮೊಟ್ಟೆಯೊಡೆದು ಆಗತಾನೇ ಹೊರಬಂದ ಆರ್ಟೀಮಿಯಾವನ್ನು (ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ) ದಿನಕ್ಕೆ ಹಲವು ಬಾರಿ, ಸ್ವಲ್ಪ ಸ್ವಲ್ಪವೇ ಕೊಡಬೇಕು. ಎಳೆಯ ಜೋಡಿ ಮೊದಲ ಸಲ ಮೊಟ್ಟೆಗಳನ್ನು ತಿಂದುಹಾಕಿದರೆ ಗಾಬರಿಪಡದೆ ಮುಂದಿನ ಸಲಕ್ಕೆ ಕಾಯುವುದು ವಾಸಿ. ಜೋಡಿ ಮತ್ತೆ ಕಲ್ಲು ಶುಚಿಗೊಳಿಸುತ್ತ, ಬೆಳೆದ ಮರಿಗಳನ್ನು ಅಟ್ಟತೊಡಗಿದಾಗ ಅವನ್ನು ಬೇರೆ ತೊಟ್ಟಿಗೆ ಹಾಕಬಹುದು. ಹೆಚ್ಚಾದ ಮರಿಗಳನ್ನು ಸಾಕುವ ಬೇರೆಯವರಿಗೆ ಕೊಡಿ. ತೊಟ್ಟಿಯ ರೋಗ ಹೊಳೆಗೂ ಹರಡಬಲ್ಲದಾದ್ದರಿಂದ, ದೇಶಿ ಮೀನೆಂಬ ಕಾರಣಕ್ಕೆ ಅವನ್ನು ಕೆರೆಗೋ ಹೊಳೆಗೋ ಬಿಡುವುದು ಸಲ್ಲದು.