ಅಜ್ಜಿಯ ಮೊರ, ಲಕ್ಕಮ್ಮನ ಅಕ್ಕಿ

ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಅಜ್ಜಿ ತುಂಬಾ ನೆನಪಾದಳು.

ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಕಲ್ಲು ಹೆಕ್ಕುತ್ತಾ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಿದ್ದಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ಸುಮ್ನೆ ಬಿಡಲಿಲ್ಲ. ಆಸೆ ಅರಸರಿಗಿರಲಿ, ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಇಲ್ಲಿಗೆ ಬಂದಾಗ ಅಜ್ಜಿಯ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಅವಳ ಅವ್ವ ಹೇಳಿದ್ದು, ಅವ್ವನಿಗೆ ಇನ್ಯಾರೋ. 12ನೇ ಶತಮಾನದ ಮಾತು ಬಾಯಿಂದ ಬಾಯಿಗೆ ನಡೆದು ನಮ್ಮ ಅಡುಗೆಮನೆಗೆ ಬಂತು.

ವಚನಗಳು ಉಳಿದು ಬಂದ ಇನ್ನೊಂದು ದಾರಿ ತಾಳೆಗರಿಯದು. ಕಂಟವೆಂಬ ಚೂಪು ಕಡ್ಡಿಯಿಂದ ಕೊರೆದು, ಮಸಿ ಸವರಿ ಓದುತ್ತಿದ್ದ ಗರಿಗಳು. ಎಷ್ಟೋ ಮನೆಗಳಲ್ಲಿ ಅವನ್ನು ಬಟ್ಟೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟಿದ್ದರು. ಪೂಜೆ ನಡೆಯುತ್ತಿತ್ತು, ಗಂಟು ಬಿಚ್ಚುವವರಿರಲಿಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಊರೂರು ತಿರುಗಿ ಅವನ್ನು ಹುಡುಕಿ ತಂದರು. 1923ರಲ್ಲಿ ಅವರು ಸಂಪಾದಿಸಿದ ವಚನಗಳ ಮೊದಲ ಸಂಪುಟ ಅಚ್ಚಾಯಿತು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಇದನ್ನು ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ.

ಆದರೂ ಲಕ್ಕಮ್ಮನ ಮಾತು ನನಗೆ ಮೊದಲು ಸಿಕ್ಕಿದ್ದು ಪುಸ್ತಕದಿಂದಲ್ಲ, ಆ ಮೊರದಿಂದ. ಲಕ್ಕಮ್ಮ ಯಾವ ಮಠದಲ್ಲೂ ಕೂತು ಅದನ್ನು ಹೇಳಲಿಲ್ಲ ಅಲ್ವಾ? ಅವಳೂ ಅಕ್ಕಿಯ ಮುಂದೆಯೇ ನಿಂತಿದ್ದಳು.

ಇವತ್ತು ಮಗಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಆಮೇಲೆ ಮಾರಯ್ಯ ನಿಜವಾಗ್ಲೂ ವಾಪಸ್ ಸುರಿದು ಬಂದನಾ ಅಮ್ಮಾ?"