ಕೋಳಿಗೆ ಕೊಟ್ಟ ಔಷಧ ಎಲ್ಲಿ ಹೋಗುತ್ತದೆ?

"ಕೋಳಿಗೆ ಕೊಟ್ಟ ಔಷಧ ಕೊನೆಗೆ ಎಲ್ಲಿ ಹೋಗುತ್ತದೆ, ಸಾಹುಕಾರರೇ?"

ಇಂಡಿ ಕಡೆಯಿಂದ ಬಂದು ಭಾವನ ತೋಟದಲ್ಲಿ ಕೆಲಸಕ್ಕಿರುವ ಹೆಂಗಸು ಭಾನುವಾರ ಹೀಗೆ ಕೇಳಿದಳು. ವಾರ ಕಳೆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಪುಣೆಯ ಹತ್ತಿರ, ಮುಳಶಿಯಲ್ಲಿ ಭಾವ ಮೀನಿನ ಹೊಂಡದ ಮೇಲೆಯೇ ಕೋಳಿಮನೆ ಕಟ್ಟಿಸಿದ್ದಾರೆ. ಹಿಕ್ಕೆ ನೇರವಾಗಿ ನೀರಿಗೆ ಬೀಳುತ್ತದೆ, ಪಾಚಿ ಬೆಳೆಯುತ್ತದೆ, ಕಾಟ್ಲಾ, ರೋಹು ಮೀನುಗಳು ಹೆಚ್ಚು ಮೇವಿನ ಖರ್ಚಿಲ್ಲದೆ ಕೊಬ್ಬುತ್ತವೆ. ಬಿಸಿಲಿರುವವರೆಗೆ ಈ ಲೆಕ್ಕ ಸರಿಯಾಗಿತ್ತು. ಆದರೆ ಈ ಸಲ ಎಂಟು ದಿನ ಮೋಡ ಕರಗಲೇ ಇಲ್ಲ. ಬೆಳಕಿಲ್ಲದ ಪಾಚಿ ಆಮ್ಲಜನಕ ಕೊಡದು. ರಾತ್ರಿ ತಾನೇ ಅದನ್ನು ಹೀರುತ್ತದೆ, ತಳದಲ್ಲಿ ಕೊಳೆಯುವ ಹಿಕ್ಕೆಯೂ ಹೀರುತ್ತದೆ. ಬೆಳಗಿನ ಐದು ಗಂಟೆಗೆ ಟಾರ್ಚ್ ಹಾಕಿದರೆ ಕಾಟ್ಲಾಗಳೆಲ್ಲ ಬಾಯಿ ಮೇಲೆ ಮಾಡಿ ಗಾಳಿ ಗುಟುಕರಿಸುತ್ತಿದ್ದವು. ಕೆಲವದರ ಪಕ್ಕೆಯಲ್ಲಿ ಕೆಂಪು ಹುಣ್ಣು.

ಭಾವ ಕೋಳಿಗಳ ಆಂಟಿಬಯಾಟಿಕ್ ಪೊಟ್ಟಣ ತಂದು ಮೀನಿನ ಮೇವಿಗೆ ಬೆರೆಸಲು ಕುಳಿತರು. ಆಗಲೇ ಆಕೆ ಕೇಳಿದ್ದು. ತಿಂಗಳುಗಟ್ಟಲೆ ಅದೇ ಔಷಧ ಹಿಕ್ಕೆಯ ಜೊತೆ ಅದೇ ನೀರಿಗೆ ಇಳಿದಿದೆಯಲ್ಲ! ಅದಕ್ಕೆ ಒಗ್ಗಿಹೋದ ರೋಗಾಣುವಿಗೆ ಮತ್ತೆ ಅದನ್ನೇ ಕೊಟ್ಟರೆ ಏನಾದೀತು? ಭಾವ ಮರುಮಾತಾಡಲಿಲ್ಲ. ಅವರು ಒಳ್ಳೆಯವರು, ಆದರೆ ಪೊಟ್ಟಣದ ಮೇಲಿನ ಅಕ್ಷರಕ್ಕೆ ಕೊಡುವ ಬೆಲೆಯನ್ನು ದಿನವಿಡೀ ಹೊಂಡದ ಬಳಿ ಇರುವವರ ಮಾತಿಗೆ ಕೊಡುವುದಿಲ್ಲ.

ಮುಂಬಯಿಯ ವರ್ಸೋವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ಓದಿದ ಗೆಳೆಯನಿಗೆ ಫೋನ್ ಮಾಡಿದೆ. ಹಿಕ್ಕೆ, ಮೇವು ಎರಡನ್ನೂ ನಿಲ್ಲಿಸಿ, ಪಂಪಿನಿಂದ ನೀರನ್ನು ಎತ್ತರಕ್ಕೆ ಚಿಮ್ಮಿಸಿ ಎಂದ. ಲೀಟರಿಗೆ ಮೂರು ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕದಲ್ಲಿ ಮೀನು ಸೊರಗುತ್ತದೆ, ಸೊರಗಿದ ಮೈಗೆ ಹುಣ್ಣು ಬೇಗ ಹತ್ತುತ್ತದೆ. ಹೊಂಡಕ್ಕೆ ಹಾಕುವ ಸುಣ್ಣವನ್ನೂ ಅಂದಾಜಿನಲ್ಲಿ ಸುರಿಯಬಾರದು. ಹಿಕ್ಕೆ ಕೊಳೆತು ನೀರಿನಲ್ಲಿ ಅಮೋನಿಯ ಹೆಚ್ಚಿದ್ದರೆ, ಸುಣ್ಣ ಬಿದ್ದ ಮೇಲೆ ಅದರ ವಿಷ ಇನ್ನೂ ಏರುತ್ತದೆ. ಕೋಳಿಮನೆಯ ಕೆಳಗೆ ತಾಡಪತ್ರಿ ಕಟ್ಟಿದೆವು.

ಕಳೆದ ವರ್ಷ ನನ್ನ ಮಗಳಿಗೆ ಸೋಂಕಾಗಿ ಜ್ವರ ಬಂದಾಗ ಎರಡು ಆಂಟಿಬಯಾಟಿಕ್‌ಗಳು ನಾಟಲೇ ಇಲ್ಲ, ಮೂರನೆಯದಕ್ಕೆ ಇಳಿಯಿತು. ಅದಕ್ಕೂ ಈ ಹೊಂಡಕ್ಕೂ ನಂಟು ಕಟ್ಟಲಾರೆ. ಆದರೆ ಆಸ್ಪತ್ರೆಯ ಆ ರಾತ್ರಿಗಳಲ್ಲಿ ಈ ಪ್ರಶ್ನೆಯನ್ನು ನಾನಾದರೂ ಒಮ್ಮೆ ಕೇಳಬಹುದಿತ್ತು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಮೀನು ಮೇಲೆ ಬರುವುದು ನಿಂತಿದೆಯಂತೆ. ಭಾವ ಆ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು, ಯಾವ ದಿನ ಕೋಳಿಗೆ ಯಾವ ಔಷಧ ಕೊಟ್ಟಿತ್ತೆಂದು ಕೇಳಿ ಬರೆದುಕೊಳ್ಳುತ್ತಿದ್ದಾರಂತೆ. ಆಕೆ ಒಂದನ್ನೂ ಮರೆತಿಲ್ಲ.