ಹಂತ ಬರೆಯದ ಲೆಕ್ಕ

ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ತೀರಾ ಚಿಕ್ಕದು. ಕೌಂಟರ್ ಮುಂದೆ ಮೂರು ಜನ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಕೊರೊನಾ ಬರುವ ಮುಂಚೆ ಮಾಸ್ಕ್ ಎಂದರೆ ವರ್ಷಕ್ಕೆ ಎರಡು ಬಾಕ್ಸ್ ಖರ್ಚಾಗುವ ಮಾಲು. ಕೊಬ್ಬರಿ ಮಂಡಿಯ ಧೂಳು ತಡೆಯದವರು ಯಾವಾಗಲೋ ಒಂದೊಂದು ಕೊಳ್ಳುತ್ತಿದ್ದರು, ಅಷ್ಟೇ.

2020ರ ಮಾರ್ಚ್ ಎರಡನೇ ವಾರ. ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದು ಕೊರೊನಾದಿಂದಲೇ, ದೇಶದಲ್ಲಿ ಇದೇ ಮೊದಲ ಸಾವು ಎಂದು ಟೀವಿಯಲ್ಲಿ ಬಂತು. ಮರುದಿನ ನಾನು ಶಟರ್ ಎತ್ತುವ ಮುಂಚೆಯೇ ಜನ ನಿಂತಿದ್ದರು. ಹನ್ನೊಂದು ಗಂಟೆಗೆ ಬಾಕ್ಸ್ ಖಾಲಿ. ಹೋಲ್‌ಸೇಲ್‌ನವರಿಗೆ ಫೋನ್ ಮಾಡಿದರೆ ಮೊದಲು ರೇಟ್ ಹೇಳಿದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಸರ್ಕಾರ ಮಾಸ್ಕನ್ನು ಅಗತ್ಯ ವಸ್ತುಗಳ ಕಾಯ್ದೆಗೆ ಸೇರಿಸಿತು. ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಮೀರಬಾರದು ಎಂದಿತು. ಆ ಬೆಲೆಗೆ ನನಗೇ ಸಿಗುತ್ತಿರಲಿಲ್ಲ. ಇನ್ನು ಮಾರುವುದೆಲ್ಲಿ ಬಂತು?

ಬಂದವರಿಗೆಲ್ಲ "ಇಲ್ಲ, ಇಲ್ಲ" ಎಂದು ಹೇಳಿ ಗಂಟಲು ಒಣಗಿತು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದು ಕೌಂಟರ್ ಗಾಜಿಗೆ ಅಂಟಿಸಿದೆ: "ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಕಿಲ್ಲ. ಕೆಮ್ಮು, ಜ್ವರ ಇದ್ದವರಿಗೆ ಮತ್ತು ಆಸ್ಪತ್ರೆಯವರಿಗೆ ಬಿಡಿ."

ಇದು ನನ್ನ ಸ್ವಂತ ಜ್ಞಾನ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ಆರೋಗ್ಯ ಇಲಾಖೆ, ಎಲ್ಲರೂ ಆಗ ಹೇಳುತ್ತಿದ್ದುದು ಇದನ್ನೇ. ಆದರೆ ನಿಜ ಹೇಳಬೇಕೆಂದರೆ ಸ್ಟಾಕ್ ಇಲ್ಲದ ಅಂಗಡಿಯವನಿಗೆ ಅದಕ್ಕಿಂತ ಅನುಕೂಲದ ಮಾತು ಇನ್ನೊಂದಿರಲಿಲ್ಲ.

ಆ ವಾರವೇ ನಮ್ಮ ಲೆಕ್ಕದ ಮೇಷ್ಟ್ರು ಬಂದರು. ಎಂಟರಿಂದ ಹತ್ತನೇ ಕ್ಲಾಸಿನವರೆಗೆ ನನಗೆ ಗಣಿತ ಕಲಿಸಿದವರು. ರಿಟೈರ್ ಆಗಿ ಹತ್ತು ವರ್ಷದ ಮೇಲಾಗಿದೆ. ತಿಂಗಳಿಗೊಮ್ಮೆ ಬಿ.ಪಿ., ಶುಗರ್ ಮಾತ್ರೆಗೆ ಬರುತ್ತಾರೆ.

"ಐದು ಮಾಸ್ಕ್ ಕೊಡಯ್ಯಾ. ನಿಮ್ಮ ಅಮ್ಮಾವ್ರಿಗೂ ಇರಲಿ" ಎಂದರು. ಅಮ್ಮಾವ್ರು ಎಂದರೆ ಅವರ ಹೆಂಡತಿ.

"ಬೇಡ ಮೇಷ್ಟ್ರೇ, ಸುಮ್ನೆ ದುಡ್ಡು ದಂಡ. ಸೋಪು ಹಾಕಿ ಕೈ ತೊಳ್ಕೊಳಿ ಸಾಕು" ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆ ಎಂದರೆ ಅವರು ಮರುಮಾತಾಡದೆ ಹೋದರು. ಗೋಡೆಯ ಮೇಲೆ ಫ್ರೇಮ್ ಹಾಕಿಸಿದ ನನ್ನ ಡಿ.ಫಾರ್ಮಾ ಸರ್ಟಿಫಿಕೇಟ್ ಬೇರೆ ಇತ್ತಲ್ಲ.

ಆಮೇಲಿನದು ನಿಮಗೂ ಗೊತ್ತು. ಏಪ್ರಿಲ್ ಮೊದಲ ವಾರ ಕೇಂದ್ರ ಆರೋಗ್ಯ ಇಲಾಖೆ, ಮನೆಯಲ್ಲೇ ಬಟ್ಟೆಯ ಮಾಸ್ಕ್ ಮಾಡಿಕೊಂಡು ಹಾಕಿಕೊಳ್ಳಿ ಎಂದಿತು. ಜೂನ್ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಸಲಹೆ ಬದಲಿಸಿತು. ಜೂನ್ 18ರಂದು ನಮ್ಮ ರಾಜ್ಯದಲ್ಲಿ ಮಾಸ್ಕ್ ದಿನ ಎಂದೇ ಆಚರಿಸಿದರು. ನಾನೂ ಪ್ರಿಂಟ್ ಹಾಕಿಸಿಕೊಂಡು ಬಂದೆ, ಕೆಂಪು ಅಕ್ಷರದಲ್ಲಿ: "ಮಾಸ್ಕ್ ಇಲ್ಲದಿದ್ದರೆ ಔಷಧಿ ಇಲ್ಲ." ಹಳೆಯದನ್ನು ಕೀಳುವ ಗೋಜಿಗೆ ಹೋಗದೆ ಅದರ ಮೇಲೇ ಅಂಟಿಸಿದೆ. ಬಂದವರ ಕಣ್ಣಿಗೆ ಸರಿಯಾಗಿ ಬೀಳುವ ಜಾಗ ಅದೊಂದೇ.

ಆ ತಿಂಗಳುಗಳಲ್ಲಿ ಕೌಂಟರ್ ಹಿಂದೆ ನಿಂತು ನೋಡಿದ್ದನ್ನು ಬರೆದರೆ ಬೇರೆಯದೇ ಪುಸ್ತಕ ಆಗುತ್ತದೆ. ಬೀದಿಯಲ್ಲಿ ಮಾಸ್ಕ್ ಹಾಕಿಕೊಂಡೇ ಬರುತ್ತಿದ್ದರು. ಕೌಂಟರ್‌ಗೆ ಬಂದು ಬಾಯಿ ತೆರೆಯುವ ಹೊತ್ತಿಗೆ ಕೆಳಗೆ ಎಳೆಯುತ್ತಿದ್ದರು. ಸುಮ್ಮನಿದ್ದಾಗ ಮುಚ್ಚಿಕೊಂಡು, ಮಾತಾಡುವಾಗ ಬಿಚ್ಚುವುದು! ಬೈಯಲೂ ಆಗುತ್ತಿರಲಿಲ್ಲ. ಮಾಸ್ಕ್ ಒಳಗಿನಿಂದ ಮಾತ್ರೆಯ ಹೆಸರು ಹೇಳಿದರೆ ನನಗೂ ಸರಿಯಾಗಿ ಕೇಳುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಬೇರೆ ಔಷಧಿಯೇ ಕೈಗೆ ಬರುತ್ತದೆ. ಕೊನೆಗೆ ಕೌಂಟರ್ ಮೇಲೆ ಚೀಟಿ, ಪೆನ್ನು ಇಟ್ಟೆ. ಪೆನ್ನಿಗೆ ದಾರ ಕಟ್ಟಿದ್ದೆ. ಎರಡು ಸಲ ದಾರ ಸಮೇತ ಹೋಯಿತು. ಇನ್ನು ಕೆಲವರು ಮಾಸ್ಕ್ ತೆಗೆದುಕೊಂಡು, ಮೂಗಿಗೆ ಹಾಕಿ ನೋಡಿ, "ಟೈಟ್ ಆಯ್ತು, ಬೇರೆ ತೋರ್ಸಿ" ಎನ್ನುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಕೇಳಿದ ಹಾಗೆ.

ಅಕ್ಟೋಬರ್‌ನಲ್ಲಿ ದಂಡದ ಗಲಾಟೆ ಶುರುವಾಯಿತು. ಮಾಸ್ಕ್ ಇಲ್ಲದಿದ್ದರೆ ನಗರದಲ್ಲಿ 1000 ರೂಪಾಯಿ, ಹಳ್ಳಿಯಲ್ಲಿ 500 ರೂಪಾಯಿ ಎಂದು ಸರ್ಕಾರ ಹೇಳಿತು. ತಿಪಟೂರು ನಗರವೋ ಹಳ್ಳಿಯೋ ಎಂದು ನಮ್ಮ ಬೀದಿಯಲ್ಲಿ ಆಗ ನಡೆದಷ್ಟು ಚರ್ಚೆ ಹಿಂದೆಂದೂ ನಡೆದಿರಲಿಲ್ಲ. ಕೆಲಸ ಇಲ್ಲದೆ ಕೂತ ಜನ ಸಾವಿರ ಎಲ್ಲಿಂದ ತರಬೇಕು? ಬೈಗುಳ ಜಾಸ್ತಿಯಾಗಿ, ವಾರದೊಳಗೆ ಅದು 250 ಮತ್ತು 100ಕ್ಕೆ ಇಳಿಯಿತು. ಇಳಿದ ಮೇಲೆ ಜನ ಇನ್ನೊಂದು ಕೇಳತೊಡಗಿದರು. ವೈರಸ್ಸಿಗೂ ಡಿಸ್ಕೌಂಟ್ ಬಂತಾ?

ಅದೇ ತಿಂಗಳ ಕೊನೆಗೆ ಮೇಷ್ಟ್ರು ಮಾಸ್ಕ್ ಇಲ್ಲದೆ ಬಂದರು. ನಾನು ಒಳಗೆ ಇನ್ಸುಲಿನ್ ಫ್ರಿಜ್ಜಿಗೆ ಜೋಡಿಸುತ್ತಿದ್ದೆ. ಕೌಂಟರ್‌ನಲ್ಲಿದ್ದ ಹುಡುಗ ಅವರಿಗೆ ಬೋರ್ಡು ತೋರಿಸಿ, "ಕೊಡಲ್ಲ ಸಾರ್" ಎಂದುಬಿಟ್ಟಿದ್ದ. ಗಲಾಟೆ ಕೇಳಿ ಹೊರಗೆ ಬಂದೆ.

"ಏನಯ್ಯಾ, ನಿನ್ನ ಹುಡುಗ ನನಗೆ ಮಾತ್ರೆ ಕೊಡಲ್ವಂತೆ?"

"ಮಾಸ್ಕ್ ಹಾಕ್ಕೊಂಡು ಬರಬೇಕಿತ್ತು ಮೇಷ್ಟ್ರೇ."

"ದುಡ್ಡು ದಂಡ ಅಂದಿದ್ಯಲ್ಲ?"

ಪಕ್ಕದಲ್ಲಿ ಮಂಡಿ ಯಜಮಾನರೊಬ್ಬರು ನಿಂತಿದ್ದರು. ಮಾಸ್ಕ್ ಗದ್ದದ ಕೆಳಗೆ ನೇತಾಡುತ್ತಿತ್ತು. "ಓದಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಾ?" ಎಂದು ಶುರುಮಾಡಿದರು. ಬೈಕ್ ನಿಲ್ಲಿಸಿಕೊಂಡಿದ್ದ ಹುಡುಗನೊಬ್ಬ ಅಲ್ಲಿಂದಲೇ ಬಾಯಿ ಹಾಕಿದ. "ಶಿರಾದಲ್ಲಿ ಉಪಚುನಾವಣೆ ಪ್ರಚಾರ ನಡೀತಿದೆಯಲ್ಲ, ಅಲ್ಲಿ ಹೋಗಿ ಹೇಳ್ರಿ ಮಾಸ್ಕ್ ಹಾಕ್ಕೊಳಿ ಅಂತ. ಮುದುಕರು ಸಿಕ್ರೆ ಕಾನೂನು!" ಆ ಮಾತಿಗೆ ಯಜಮಾನರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಒಂದು ನಿಮಿಷದಲ್ಲಿ ಮೆಟ್ಟಿಲ ಮೇಲೆ ಐದಾರು ಜನ ಸೇರಿದರು. ಅಂತರ ಕಾಪಾಡಿ ಎಂದು ಸುಣ್ಣದಲ್ಲಿ ಬರೆದ ವೃತ್ತಗಳು ಅವರ ಕಾಲಡಿಯಲ್ಲೇ ಇದ್ದವು.

ಮೇಷ್ಟ್ರು ಯಾರ ಮಾತಿಗೂ ಕಿವಿಗೊಡಲಿಲ್ಲ. ಅವರ ಕಣ್ಣು ಗಾಜಿನ ಮೇಲಿತ್ತು. ಕೆಂಪು ಪೋಸ್ಟರಿನ ಮೂಲೆಯಲ್ಲಿ ಟೇಪ್ ಎದ್ದಿತ್ತು. ಉಗುರಿನಲ್ಲಿ ಮೆಲ್ಲಗೆ ಎತ್ತಿದರು. ಕೆಳಗೆ ನನ್ನ ಕೈಬರಹ. "ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಕಿ..." ಅಲ್ಲಿಯವರೆಗೆ ಕಾಣಿಸಿತು.

"ಇದು ನಿನ್ನದೇ ಅಕ್ಷರ. ಎಂಟನೇ ಕ್ಲಾಸಿನಿಂದ ಸುಧಾರಿಸಿಲ್ಲ" ಎಂದರು.

ಬೈಕಿನ ಹುಡುಗ ಜೋರಾಗಿ ನಕ್ಕ. ನನಗೆ ಕಿವಿ ಬಿಸಿಯಾಯಿತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು, ಅರ್ಧ ಮುಖ ಉಳಿಯಿತು.

"ಆಗಿನ ಸಲಹೆ ಹಾಗಿತ್ತು ಮೇಷ್ಟ್ರೇ, ಈಗ ಬದಲಾಯ್ತು" ಎಂದೆ.

"ಬದಲಾಗಲಿ, ಬೇಡ ಅಂದವರು ಯಾರು? ಲೆಕ್ಕ ತಪ್ಪಾದರೆ ಹೊಡೆದು ಹಾಕಿ ಮತ್ತೆ ಮಾಡು ಅಂತ ತಾನೇ ನಾನು ಹೇಳ್ಕೊಟ್ಟಿದ್ದು? ತಪ್ಪಿದ್ದೆಲ್ಲಿ ಅಂತ ತೋರಿಸಬೇಕಲ್ವೇನಯ್ಯಾ. ನೀನು ಹಂತ ಬರೆಯದೆ ಉತ್ತರ ಮಾತ್ರ ಬದಲಾಯಿಸಿದ್ದೀಯ. ಪಕ್ಕದವನದ್ದು ನೋಡಿ ಬರೆದ ಹಾಗೆ."

ಹೇಳಲು ಪ್ರಯತ್ನಿಸಿದೆ. ಕೆಮ್ಮು, ಜ್ವರ ಏನೂ ಇಲ್ಲದವರಿಂದಲೂ ಹರಡುತ್ತದೆ ಎನ್ನುವುದು ಮಾರ್ಚ್‌ನಲ್ಲಿ ಇಷ್ಟು ಸ್ಪಷ್ಟವಾಗಿರಲಿಲ್ಲ ಎಂದೆ. ಯಾರಿಗೆ ಇದೆ ಅಂತ ಗೊತ್ತಾಗದಿದ್ದಾಗ ಎಲ್ಲರೂ ಹಾಕಿಕೊಳ್ಳಬೇಕಾಗುತ್ತದೆ ಎಂದೆ. ಮೇಷ್ಟ್ರು ತಲೆಯಾಡಿಸಿದರು. ಅದಕ್ಕೆ ಪೂರ್ತಿ ಮಾರ್ಕ್ಸ್ ಸಿಕ್ಕಿತು ಅನ್ನಿಸಿತು. ಅದೇ ಹುರುಪಿನಲ್ಲಿ ಎರಡನೆಯದನ್ನೂ ಹೇಳಿದೆ. "ಆಮೇಲೆ ಆಗ ಮಾಸ್ಕೇ ಸಾಲುತ್ತಿರಲಿಲ್ಲ ಮೇಷ್ಟ್ರೇ. ಡಾಕ್ಟರು, ನರ್ಸುಗಳಿಗೇ ಇರಲಿಲ್ಲ."

"ಹಾಗಿದ್ದರೆ 'ಸಾಲಲ್ಲ' ಅಂತ ಬರೀಬೇಕಿತ್ತು. 'ಬೇಕಿಲ್ಲ' ಅಂತ ಯಾಕೆ ಬರೆದೆ?"

ಮೆಟ್ಟಿಲ ಮೇಲಿದ್ದವರು ಸುಮ್ಮನಾದರು. ಯಜಮಾನರು ಯಾಕೋ ಮಾಸ್ಕ್ ಮೇಲಕ್ಕೆ ಎಳೆದುಕೊಂಡರು.

ಇವತ್ತಿಗೂ ನನಗೆ ಆ ಪ್ರಶ್ನೆಯ ಮುಂದೆ ಉಳಿದ ಮಾಸ್ಕ್ ಚರ್ಚೆಯೆಲ್ಲ ಸಪ್ಪೆ. ಸಾಲುವುದಿಲ್ಲ ಎಂದು ಹೇಳಿದ್ದರೆ ಮೇಷ್ಟ್ರು ಏನು ಮಾಡುತ್ತಿದ್ದರು? ಮನೆಗೆ ಹೋಗಿ ಹಳೇ ಪಂಚೆ ಹರಿದು ಕಟ್ಟಿಕೊಳ್ಳುತ್ತಿದ್ದರು, ಐದು ಮಾಸ್ಕ್ ಆಸ್ಪತ್ರೆಗೆ ಬಿಡುತ್ತಿದ್ದರು. ಜನ ಅಷ್ಟೂ ತಿಳಿಯದವರು ಎಂದು ನಾವು ಅಂದುಕೊಂಡೆವು. ನಾವು ಅಂದರೆ ಮೇಲಿನವರು ಮಾತ್ರ ಅಲ್ಲ, ನಾನೂ ಸೇರಿ.

ಮಾತ್ರೆ ಕಟ್ಟಿಕೊಟ್ಟೆ. ಮಾಸ್ಕ್ ಯಾವುದು ಕೊಡಲಿ ಎಂದೆ. ನಮ್ಮ ಬೀದಿಯ ಹೆಂಗಸರು ಹೊಲಿದ ಬಟ್ಟೆಯದೂ ಇತ್ತು, ಮೂರು ಪದರದ ಸರ್ಜಿಕಲ್ಲೂ ಇತ್ತು. "ಬಟ್ಟೆಯದು ಕೆಲಸ ಮಾಡುತ್ತಾ?" ಎಂದರು. ಮಾಡುತ್ತೆ ಎನ್ನಲು ಬಾಯಿ ತೆರೆದವನು ಅಲ್ಲೇ ನಿಂತೆ. "ಸರಿಯಾಗಿ ಗೊತ್ತಿಲ್ಲ ಮೇಷ್ಟ್ರೇ. ಇದು ಅದಕ್ಕಿಂತ ಮೇಲು ಅಂತಾರೆ" ಎಂದು ಸರ್ಜಿಕಲ್ ತೋರಿಸಿದೆ. ಅದನ್ನೇ ಹತ್ತು ತೆಗೆದುಕೊಂಡರು. ಹಾಕಿಕೊಂಡ ಕೂಡಲೇ ಕನ್ನಡಕ ಮಂಜಾಯಿತು. ಮೂಗಿನ ಮೇಲಿನ ತಂತಿ ಒತ್ತಿ ಬಗ್ಗಿಸಬೇಕು ಎಂದು ಗಾಜಿನ ಈಚೆಯಿಂದ ನನ್ನದನ್ನು ಒತ್ತಿ ತೋರಿಸಿದೆ. ಆ ಸಂಜೆ ಎರಡೂ ಪೋಸ್ಟರ್ ಕಿತ್ತೆ. ಎರಡನ್ನೂ ಪಕ್ಕಪಕ್ಕ ಅಂಟಿಸಿ, ನಡುವೆ ಯಾಕೆ ಬದಲಾಯಿತು ಎಂದು ನಾಲ್ಕು ಸಾಲು ಬರೆದೆ. ಎಷ್ಟು ಜನ ಓದಿದರೋ. ಮುಂದಿನ ತಿಂಗಳು ಬಂದ ಮೇಷ್ಟ್ರು ದಾರ ಕಟ್ಟಿದ ಪೆನ್ನಿನಿಂದ ಅದರಲ್ಲಿದ್ದ ಎರಡು ಕಾಗುಣಿತ ತಪ್ಪು ತಿದ್ದಿ ಹೋದರು.

2021ರ ಎರಡನೇ ಅಲೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರೂ ಅಮ್ಮಾವ್ರೂ ದಾಟಿದರು. ನಮ್ಮ ಬೀದಿಯಲ್ಲಿ ಎಲ್ಲರೂ ದಾಟಲಿಲ್ಲ.

2022ರ ಜನವರಿಯಲ್ಲಿ ಓಮಿಕ್ರಾನ್ ಬಂದು ವಾರಾಂತ್ಯದ ಕರ್ಫ್ಯೂ ಹಾಕಿದ್ದಾಗ, ಬಟ್ಟೆಯದು ಕೆಲಸ ಮಾಡುತ್ತಾ ಎಂಬ ಅವರ ಹಳೇ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಕಾದಿದ್ದೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, 3 ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕ್ ಹಂಚಿ, ಹಾಕಿಕೊಳ್ಳಿ ಎಂದು ಬೆನ್ನು ಬಿದ್ದಿದ್ದರು. ಹಾಕಿಕೊಳ್ಳುವವರು ನೂರಕ್ಕೆ 13 ಇದ್ದದ್ದು 42 ಆಯಿತು. ಲಕ್ಷಣ ಇದ್ದು, ರಕ್ತ ಪರೀಕ್ಷೆಯಲ್ಲೂ ಖಚಿತವಾದ ಸೋಂಕು ಸುಮಾರು ಶೇಕಡಾ 9ರಷ್ಟು ಕಡಿಮೆಯಾಯಿತು. ಸರ್ಜಿಕಲ್ ಕೊಟ್ಟ ಹಳ್ಳಿಗಳಲ್ಲಿ 11, ಅಲ್ಲೇ 60 ದಾಟಿದವರಲ್ಲಿ 35. ಬಟ್ಟೆಯ ಮಾಸ್ಕಿನ ಲಾಭ ಮಾತ್ರ ಸ್ಪಷ್ಟವಾಗಿ ಕಾಣಿಸಲಿಲ್ಲ.

"ಶೇಕಡಾ ಒಂಬತ್ತು ಅಂದರೆ ಯಾವುದರಲ್ಲಿ ಒಂಬತ್ತು?" ಎಂದರು ಮೇಷ್ಟ್ರು.

ಮೊಬೈಲ್ ನೋಡಿ ಹೇಳಿದೆ. ಅಂಥ ಸೋಂಕು ಮಾಸ್ಕ್ ಹಂಚದ ಹಳ್ಳಿಗಳಲ್ಲಿ ನೂರಕ್ಕೆ 0.76, ಹಂಚಿದ ಹಳ್ಳಿಗಳಲ್ಲಿ 0.68. ಅವರು ಮಾತ್ರೆಯ ಬಿಲ್ಲು ತಿರುಗಿಸಿ ಬರೆದುಕೊಂಡರು. "ಹತ್ತು ಸಾವಿರಕ್ಕೆ ಎಪ್ಪತ್ತಾರು, ಅರವತ್ತೆಂಟು. ಎಂಟು ಕಡಿಮೆ. ಎಪ್ಪತ್ತಾರಕ್ಕೆ ಎಂಟು ಅಂದರೆ ಹತ್ತೂವರೆ ಬರುತ್ತಲ್ಲಯ್ಯಾ?"

"ಹಳ್ಳಿಹಳ್ಳಿಗೂ ಇರುವ ವ್ಯತ್ಯಾಸ ಸರಿದೂಗಿಸಿದ್ದಾರಂತೆ ಮೇಷ್ಟ್ರೇ."

"ಹಾಗೆ ಹೇಳು ಮತ್ತೆ." ಮತ್ತೆ ಬರೆದರು. "ಎಂಟೇ ಜನ ಅಂತ ಬೈಕಿನ ಹುಡುಗ ನಗ್ತಾನೆ. ಪೂರ್ತಿ ಊರಲ್ಲ, ಅರ್ಧಕ್ಕಿಂತ ಕಡಿಮೆ ಜನ ಹಾಕ್ಕೊಂಡಾಗ ಎಂಟು. ಅದೂ ಕೆಲವೇ ವಾರದಲ್ಲಿ. ನಮ್ಮೂರು ಅರವತ್ತು ಸಾವಿರ ಅಂತ ಇಟ್ಕೋ. ಆರೆಂಟ್ಲೆ ನಲವತ್ತೆಂಟು." ಪೆನ್ನು ಕೆಳಗಿಟ್ಟರು. "ಒಂದು ಕೆಂಪು ಬಸ್ಸು. ಮಂಡಿ ದಿನ ಬರುತ್ತಲ್ಲ, ಫುಲ್ಲಾಗಿ, ಅಂಥದ್ದು."

ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡರು. ಮೆಟ್ಟಿಲು ಇಳಿದವರು ತಿರುಗಿ ಬಂದು, ಹೋದ ತಿಂಗಳಿನ ಚಿಲ್ಲರೆ ಮೂರು ರೂಪಾಯಿ ನಾನು ಕೊಡಬೇಕು ಎಂದು ನೆನಪಿಸಿದರು.